ಟಾರು ನಿಲ್ಲುವ ಜಾಗ

ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಮೇಲೆ ಇತಿಹಾಸಕಾರರಲ್ಲಿ ಒಂದು ಹಳೇ ಜಗಳ ಉಂಟು. ಹೊಯ್ಸಳ ರಾಮನಾಥ ಕೂತು ಆಳಿದ ಕುಂದಾಣಿ ಇದೇ ಅಂತ ಕೆಲವರು. ಅಲ್ಲ, ಅದು ಈಗ ತಮಿಳುನಾಡಿಗೆ ಸೇರಿರೋ ಕುಂದಾಣಿ ಅಂತ ಇನ್ನು ಕೆಲವರು. ರಾಜ ಎಲ್ಲಿ ಕೂತಿದ್ದ ಅನ್ನೋದನ್ನು ತೀರ್ಮಾನ ಮಾಡೋಕೆ ಬೇಕಾದಷ್ಟು ಶಾಯಿ ಖರ್ಚಾಗಿದೆ. ಅವನ ಆನೆ ಕುದುರೆ ಬರೋದಕ್ಕೆ ಮುಳ್ಳು ಕಡಿದು ದಾರಿ ಮಾಡಿದವರು ಯಾರು, ಕಲ್ಲು ಹೊತ್ತವರು ಯಾರು, ಕೆಲಸ ಮುಗಿದ ಮೇಲೆ ಆ ದಾರೀಲಿ ನಡೆಯೋಕೆ ಅವರಿಗೆ ಅಪ್ಪಣೆ ಇತ್ತೇ ಎಂದು ಕೇಳಿದವರು ಕಡಿಮೆ. ಶಾಸನದಲ್ಲಿ ದಾನ ಕೊಟ್ಟವನ ಹೆಸರಿರುತ್ತೆ, ದಾನ ತಗೊಂಡವನ ಹೆಸರಿರುತ್ತೆ, ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಹುಣಿಸೆಮರ, ಹೆದ್ದಾರಿ ಎಲ್ಲಾ ಬರುತ್ತೆ. ಆ ಹೆದ್ದಾರಿಯನ್ನು ಕಡಿದವನ ಹೆಸರು ಮಾತ್ರ ಇರೋದಿಲ್ಲ.

ರಸ್ತೆ ಬಂದರೆ ಅಭಿವೃದ್ಧಿ ಬಂತು ಅಂತ ನಮಗೆ ಶಾಲೇಲಿ ಹೇಳಿಕೊಟ್ಟಿದ್ದಾರೆ. ಎಲೆಕ್ಷನ್ ಹತ್ತಿರ ಬಂದಾಗ ಗುದ್ದಲಿ ಪೂಜೆ ನಡೀತದೆ. ದೊಡ್ಡವರು ಗುದ್ದಲಿ ಹಿಡಿಯೋದು ಫೋಟೋ ತೆಗೆಯೋ ಹೊತ್ತು ಮಾತ್ರ. ಆಮೇಲೆ ಆರು ತಿಂಗಳು ಅದೇ ಗುದ್ದಲಿ ಹಿಡಿಯೋ ಕೈಗಳ ಫೋಟೋ ಯಾವ ಪೇಪರಿನಲ್ಲೂ ಬರೋದಿಲ್ಲ. ಆದ್ದರಿಂದ ಗೆಳೆಯರೆ, ಪ್ರತಿಯೊಂದು ರಸ್ತೆಗೂ ನಾವು ನಾಲ್ಕು ಪ್ರಶ್ನೆ ಹಾಕಬೇಕಾಗಿದೆ. ಇದನ್ನು ಕಡಿದವರು ಯಾರು? ಇದರ ಮೇಲೆ ನಡೆಯೋರು ಯಾರು? ಇದು ಎಲ್ಲಿಗೆ ಬಂದು ನಿಂತಿತು? ಇದಕ್ಕೆ ಜಮೀನು ಕಳಕೊಂಡವರು ಯಾರು?

1

ಮೈಸೂರು ಸೀಮೆಯ ರಸ್ತೆಗಳ ಇತಿಹಾಸ ಬರೆಯೋರು ಮಾರ್ಕ್ ಕಬ್ಬನ್ನಿಂದ ಶುರು ಮಾಡ್ತಾರೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತಗೊಂಡರು. 1834ರಿಂದ 1861ರವರೆಗೆ ಕಬ್ಬನ್ ಕಮಿಷನರ್ ಆಗಿದ್ದ. ಅವನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಎತ್ತಿನ ಮೇಲೆ, ಕತ್ತೆಯ ಮೇಲೆ ಹೇರಿಕೊಂಡು ಹೋಗ್ತಿದ್ದ ಸರಕು ಗಾಡಿ ಮೇಲೆ ಹೋಗೋ ಹಂಗಾಯ್ತು. ಘಟ್ಟದ ರಸ್ತೆಗಳು ತೆರೆದವು, ಕಾಫಿ ಸಮುದ್ರ ಕಂಡಿತು, ದಂಡು ಓಡಾಡಿತು, ಕಂದಾಯ ಸಲೀಸಾಗಿ ಖಜಾನೆ ಸೇರಿತು. ಇಷ್ಟಕ್ಕೆ ಕಬ್ಬನ್ನನಿಗೆ ಬೆಂಗಳೂರಿನಲ್ಲಿ ಕುದುರೆ ಮೇಲೆ ಕೂತ ಪ್ರತಿಮೆ ಉಂಟು. 1,600 ಮೈಲಿ ಮಣ್ಣು ಹೊತ್ತವರಿಗೆ ಒಂದು ಮೈಲಿಗಲ್ಲೂ ಇಲ್ಲ.

ಇದಾದ ಮೇಲೆ ಬಂದದ್ದು 1876-78ರ ಬರ. 1871ರ ಜನಗಣತೀಲಿ ಮೈಸೂರು ಸೀಮೆಯಲ್ಲಿ ಸುಮಾರು 50 ಲಕ್ಷ 55 ಸಾವಿರ ಜನ ಇದ್ದರು. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೀಬೇಕಾಗಿದ್ದ ಜನ ಹತ್ತಿರ ಹತ್ತಿರ ಒಂಬತ್ತು ಲಕ್ಷ ಕಡಿಮೆ ಆಗಿದ್ದರು. ಮೊದಲು ಸತ್ತವರು ಯಾರು ಅಂತ ಹೇಳಬೇಕಾಗಿಲ್ಲ. ಯಾರ ಕಣಜದಲ್ಲಿ ರಾಗಿ ಇರಲಿಲ್ಲವೋ, ಯಾರಿಗೆ ಕಣಜವೇ ಇರಲಿಲ್ಲವೋ ಅವರು.

ಆ ಬರದಲ್ಲಿ ಸರ್ಕಾರ ಒಂದು ತತ್ವ ಕಂಡುಹಿಡೀತು. ಹಸಿದವನಿಗೆ ಪುಕ್ಕಟೆ ಕೊಡಬಾರದು, ಮಣ್ಣು ಹೊರಿಸಿ ಕೊಡಬೇಕು. ರಸ್ತೆ, ಕೆರೆ, ಕಾಲುವೆ, ರೈಲು ದಾರಿಯ ಕಾಮಗಾರಿಗಳಿಗೆ ಅಸ್ಥಿಪಂಜರಗಳನ್ನು ನಿಲ್ಲಿಸಿದರು. ಬೆಂಗಳೂರು-ಮೈಸೂರು ರೈಲು ದಾರಿಗೂ ಈ ಬರದ ಕೂಲಿಯ ಮಣ್ಣು ಬಿದ್ದಿದೆ. 1877ರಲ್ಲಿ ಬರದ ಮೇಲ್ವಿಚಾರಣೆಗೆ ಬಂದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದ್ರಾಸು ಪ್ರಾಂತ್ಯದಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಎಂಬಷ್ಟಕ್ಕೆ ಇಳಿಸಿದ. ಇಷ್ಟರಲ್ಲಿ ದುಡಿಯೋ ಮನುಷ್ಯ ಉಳಿಯೋದಿಲ್ಲ ಅಂತ ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳ ಆಡಿದ. ಆ ಜಗಳದ ಕಡತಗಳು ಉಳಿದಿವೆ. ಹೊತ್ತವರು ಉಳಿಯಲಿಲ್ಲ.

ಆ ತತ್ವ ಬ್ರಿಟಿಷರ ಜೊತೆ ಹಡಗು ಹತ್ತಿ ಹೋಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬರ ಬಂದರೆ ಜಲ್ಲಿ ಒಡಿ, ಮಣ್ಣು ಹೊರು ಎಂಬ ಮಾತೇ. 1977ರಲ್ಲಿ ಕೂಲಿಗಾಗಿ ಕಾಳು ಯೋಜನೆ ಬಂತು. 1980ರಲ್ಲಿ ಒಂದು, 1983ರಲ್ಲಿ ಇನ್ನೊಂದು ಉದ್ಯೋಗ ಯೋಜನೆ ಬಂದವು. 2005ರ ಉದ್ಯೋಗ ಖಾತ್ರಿ ಕಾಯ್ದೆ ಮೊದಲ ಸಲ ಇದನ್ನು ಭಿಕ್ಷೆಯ ಲೆಕ್ಕದಿಂದ ತೆಗೆದು ಹಕ್ಕಿನ ಲೆಕ್ಕಕ್ಕೆ ಬರೆಯಿತು. ಇದು ಸಣ್ಣ ಗೆಲುವೇನಲ್ಲ. ಆದರೆ ಮಸ್ಟರ್ ರೋಲಿನಲ್ಲಿ ಹೆಸರು ಯಾರದು, ಜೆಸಿಬಿ ಯಾರದು, ಬಿಲ್ಲು ಯಾರದು ಅನ್ನೋದು ಊರೂರಿಗೂ ಗೊತ್ತು.

ಕುಂದಾಣ ಹೋಬಳಿಯಲ್ಲೇ ಕೊಯಿರಾ ಅನ್ನೋ ಊರಿದೆ. ಕೊಯಿರಾದ ಕಲ್ಲು ಬೆಂಗಳೂರಿನ ಕಡೆ ಹೆಸರಾದ ಕಲ್ಲು. ಈ ಬಯಲುಸೀಮೆಯ ಕೆರೆ ಏರಿ, ಬಾವಿ, ಕೋಟೆಗೋಡೆ, ರಸ್ತೆ ಎಲ್ಲದರ ಕೆಳಗೂ ಒಡ್ಡರ ಬೆನ್ನಿದೆ. ಸರ್ಕಾರದ ಪಟ್ಟೀಲಿ ಅವರು ಭೋವಿಗಳು, ಪರಿಶಿಷ್ಟ ಜಾತಿ. ಕಲ್ಲು ಸೀಳೋದಕ್ಕೆ ಎಲ್ಲಿ ಉಳಿ ಇಡಬೇಕು ಅಂತ ಅವರಿಗೆ ಗೊತ್ತಿರೋದು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಡೋದಿಲ್ಲ. ನಮ್ಮ ತಾತನೂ ಬೇಸಿಗೇಲಿ ರಸ್ತೆ ಬದಿ ಕೂತು ಜಲ್ಲಿ ಒಡೀತಿದ್ದರಂತೆ. ಗುಡ್ಡೆ ಅಳೆದು ದುಡ್ಡು. ಅಳೆಯೋ ಮೇಸ್ತ್ರಿಯ ಪೆಟ್ಟಿಗೆ ದೊಡ್ಡದು, ಬರೆಯೋ ಲೆಕ್ಕ ಸಣ್ಣದು. "ಕಲ್ಲು ಒಡೆದಂಗೆ ಒಡೀತೈತೆ ಮಗಾ, ಮೇಸ್ತ್ರಿ ಮನಸ್ಸು ಒಡೆಯಾಕಿಲ್ಲ" ಅನ್ನೋರು. ಪದವಿ ಓದಿದ ನಮ್ಮ ಮನೆಯ ಮೊದಲನೇ ತಲೆ ನಾನು. ನಾನು ಕಾಲೇಜಿಗೆ ಬಸ್ಸು ಹತ್ತಿದ್ದು ಅಂಥ ಜಲ್ಲಿಯ ಮೇಲೆ.

2

ರಸ್ತೆ ಮಾಡಿದವರಿಗೆ ಅದರ ಮೇಲೆ ನಡೆಯೋ ಹಕ್ಕು ಇರಲಿಲ್ಲ. ಇದು ಕಥೆ ಕಟ್ಟಿದ ಮಾತಲ್ಲ, ಬರೆದಿಟ್ಟ ಶಾಸ್ತ್ರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಯಾವ ರಸ್ತೆ ಎಷ್ಟು ದಂಡ ಅಗಲ ಇರಬೇಕು ಅಂತ ಅಳತೆ ಸಮೇತ ಹೇಳಿದೆ. ಅದೇ ಅಧ್ಯಾಯದಲ್ಲಿ ಚಂಡಾಲರ ವಾಸ ಸ್ಮಶಾನದ ಅಂಚಿಗೆ ಅಂತಲೂ ಹೇಳಿದೆ. ಪಟ್ಟಣದ ನಕಾಶೆ ಬರೆದ ಕೈಯೇ ಕೇರಿಯನ್ನೂ ಬರೆಯಿತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ಓಡಾಡಬೇಕಾಗಿತ್ತು ಅನ್ನೋದನ್ನು ಬಾಬಾಸಾಹೇಬರು 1936ರಲ್ಲಿ ಬರೆದಿದ್ದಾರೆ. ಉಗುಳು ರಸ್ತೆ ಮೇಲೆ ಬೀಳಬಾರದು, ಹೆಜ್ಜೆ ಗುರುತು ರಸ್ತೆ ಮೇಲೆ ಉಳೀಬಾರದು. ಗುಡಿಸೋದೇ ಕುಲಕಸುಬಾದವನ ಹೆಜ್ಜೆಯೇ ಕಸವಾದ ಕಾಲ ಅದು.

ಇದರ ವಿರುದ್ಧ ನಡೆದ ಜಗಳಗಳೂ ರಸ್ತೆ ಮೇಲೇ ನಡೆದವು. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಕಟ್ಟಿಕೊಂಡು ಸಾರ್ವಜನಿಕ ರಸ್ತೆಗೆ ಇಳಿದರು. ಪುಲಯರ ಮನುಷ್ಯ ಗಾಡಿ ಮೇಲೆ ಕೂತು ಹೋಗೋದೇ ಅಲ್ಲಿ ದಂಗೆ. 1924ರ ಮಾರ್ಚಿಯಿಂದ 1925ರ ನವೆಂಬರ್ ತನಕ ವೈಕಂನಲ್ಲಿ ಸತ್ಯಾಗ್ರಹ ನಡೆಯಿತು. ಅದನ್ನು ದೇವಸ್ಥಾನ ಪ್ರವೇಶದ ಹೋರಾಟ ಅಂತ ತುಂಬಾ ಜನ ತಿಳಕೊಂಡಿದ್ದಾರೆ. ಅದು ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯೋ ಹಕ್ಕಿನ ಹೋರಾಟ. ಇಪ್ಪತ್ತು ತಿಂಗಳು ಬಿಸಿಲು ಮಳೆಯಲ್ಲಿ ನಿಂತ ಮೇಲೆ ಮೂರು ದಿಕ್ಕಿನ ರಸ್ತೆ ಬಿಟ್ಟರು, ಪೂರ್ವದ ರಸ್ತೆ ಬಿಡಲಿಲ್ಲ.

ಈ ಹಿನ್ನೆಲೆ ಗೊತ್ತಿದ್ದರೆ ಸಂವಿಧಾನದ 15ನೇ ವಿಧಿ ಬೇರೆ ಥರ ಓದಿಸಿಕೊಳ್ತದೆ. ಅಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆ ಅನ್ನೋ ಪದ ಇದೆ. ಸರ್ಕಾರದ ಹಣದಿಂದ ಪೂರ್ತಿಯಾಗಿಯೋ ಸ್ವಲ್ಪವಾಗಿಯೋ ನಡೆಯೋ, ಇಲ್ಲವೇ ಸಾರ್ವಜನಿಕರಿಗೆ ಬಿಟ್ಟ ರಸ್ತೆಗೆ ಜಾತಿಯ ಕಾರಣದಿಂದ ಯಾರನ್ನೂ ತಡೆಯೋ ಹಾಗಿಲ್ಲ. ಇದರ ಅರ್ಥ ಏನು? ಊರೊಳಗಿನ ಓಣಿ ತಲತಲಾಂತರದಿಂದ ಗೌಡರದಾಗಿತ್ತು. ಅದು ಲೋಕೋಪಯೋಗಿಯ ಪಟ್ಟಿಗೋ ಪಂಚಾಯ್ತಿ ಪುಸ್ತಕಕ್ಕೋ ಸೇರಿದ ದಿನ, ಅದರ ಮೇಲೆ ಒಂದು ಬಾಂಡ್ಲಿ ಸರ್ಕಾರಿ ಟಾರು ಬಿದ್ದ ದಿನ, ಯಾರದೋ ಮರ್ಜಿಯ ದಾರಿ ಅಂತ ಹೇಳೋಕೆ ಇದ್ದ ಕೊನೇ ನೆಪವೂ ಹೋಯ್ತು. ಕೇರಿಯ ಜನ ರಸ್ತೆ ಕೇಳೋದರ ಹಿಂದೆ ಬರೀ ಧೂಳು ಕೆಸರಿನ ತೊಂದರೆ ಇಲ್ಲ, ಈ ರಾಜಕೀಯ ಇದೆ.

ಟಾರು ಬಂದ ಮಾತ್ರಕ್ಕೆ ಜಾತಿ ಕರಗಲಿಲ್ಲ ಅನ್ನೋದೂ ನಿಜ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬೇಕಾಯ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ರೂಢಿಯ ದಾರಿ ತಡೆಯೋದನ್ನು ಅಪರಾಧ ಅಂತ ಬರೀಬೇಕಾಯ್ತು. 2015ರ ತಿದ್ದುಪಡಿಯಲ್ಲಂತೂ ಸೈಕಲ್ಲು, ಮೋಟಾರ್‌ಸೈಕಲ್ಲು ಓಡಿಸೋದು, ಚಪ್ಪಲಿ ಮೆಟ್ಟೋದು, ಹೊಸ ಬಟ್ಟೆ ಉಡೋದು, ಮದುವೆ ಮೆರವಣಿಗೆ ತೆಗೆಯೋದು, ಕುದುರೆ ಹತ್ತೋದು ಇವನ್ನು ತಡೆದರೆ ಶಿಕ್ಷೆ ಅಂತ ಒಂದೊಂದನ್ನೇ ಹೆಸರಿಟ್ಟು ಹೇಳಬೇಕಾಯ್ತು. ಚಂದ್ರನ ಮೇಲೆ ಯಂತ್ರ ಇಳಿಸೋಕೆ ತಯಾರಾಗುತ್ತಿದ್ದ ದೇಶದ ಪಾರ್ಲಿಮೆಂಟು ಚಪ್ಪಲಿಯ ಬಗ್ಗೆ ಕಾನೂನು ಮಾಡಬೇಕಾಗಿ ಬಂತು. ಸಮಾಜಶಾಸ್ತ್ರ ಪಾಠ ಮಾಡೋ ಮೇಷ್ಟ್ರುಗಳು ಈ ಕಲಮನ್ನು ಮಕ್ಕಳಿಗೆ ಓದಿ ಹೇಳಿದರೆ ಸಾಕು, ನಮ್ಮ ರಸ್ತೆಗಳ ಚರಿತ್ರೆ ತಾನಾಗೇ ಅರ್ಥವಾಗ್ತದೆ.

3

ಇನ್ನು ರಸ್ತೆ ಎಲ್ಲಿಗೆ ಬಂದು ನಿಲ್ತದೆ ಅನ್ನೋ ಮಾತು. 1943ರಲ್ಲಿ ದೇಶದ ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸೇರಿ ಇಪ್ಪತ್ತು ವರ್ಷದ ರಸ್ತೆ ಯೋಜನೆ ಹಾಕಿದರು. ಮುಖ್ಯ ರಸ್ತೆಯಿಂದ ಹಳ್ಳಿ ಎಷ್ಟು ಮೈಲಿ ದೂರ ಇದ್ದರೆ ತಡಕೋಬಹುದು ಅನ್ನೋದು ಅವರ ಲೆಕ್ಕ. 1974ರಲ್ಲಿ ಶುರುವಾದ ಐದನೇ ಪಂಚವಾರ್ಷಿಕ ಯೋಜನೆಯ ಕನಿಷ್ಠ ಅಗತ್ಯ ಕಾರ್ಯಕ್ರಮದಲ್ಲಿ 1,500ಕ್ಕಿಂತ ಹೆಚ್ಚು ಜನ ಇರೋ ಹಳ್ಳಿಗೆ ಸರ್ವಋತು ರಸ್ತೆ ಅಂತ ಆಯ್ತು. 2000ದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂತು. ಬಯಲುಸೀಮೆಯಲ್ಲಿ 500 ಜನ ಇರೋ ಜನವಸತಿಗೆ ರಸ್ತೆ ಅನ್ನೋದು ಅದರ ಗುರಿ. ಆ ಯೋಜನೆಯಿಂದ ಲಕ್ಷಾಂತರ ಕಿಲೋಮೀಟರ್ ರಸ್ತೆ ಆಗಿದೆ. ಅದನ್ನು ಇಲ್ಲ ಅನ್ನೋದು ಪ್ರಾಮಾಣಿಕತೆ ಅಲ್ಲ.

ಆದರೆ ಆ ಯೋಜನೆಯ ನಿಯಮದಲ್ಲಿ ಒಂದು ಅಳತೆ ಇದೆ, ಅದನ್ನು ಗಮನ ಇಟ್ಟು ಓದಬೇಕು. ಸರ್ವಋತು ರಸ್ತೆಯಿಂದ 500 ಮೀಟರಿಗಿಂತ ದೂರ ಇರೋ ಜನವಸತಿ ಮಾತ್ರ ರಸ್ತೆ ಇಲ್ಲದ ಜನವಸತಿ. 500 ಮೀಟರಿನ ಒಳಗಿದ್ದರೆ ಲೆಕ್ಕದಲ್ಲಿ ರಸ್ತೆ ಮುಟ್ಟಿದ ಹಾಗೇ. ಈಗ ನಿಮ್ಮ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೇರಿ ಊರಿನಿಂದ ಎಷ್ಟು ದೂರ ಇರುತ್ತೆ? ಕೂಗಿದರೆ ಕೇಳಿಸಬೇಕು, ಗಾಳಿ ಸೋಕಬಾರದು. ಗೌಡರ ಮನೆಯಿಂದ ತೋಟಿಯನ್ನು ಕೂಗೋ ದೂರ. ಇನ್ನೂರು ಮೀಟರ್, ಮುನ್ನೂರು ಮೀಟರ್. ಜಾತಿ ಕೇರಿಯನ್ನು ಇಟ್ಟ ದೂರ ಸರ್ಕಾರದ 500 ಮೀಟರಿನ ಒಳಗೇ ಬಿತ್ತು. ಟಾರು ಊರ ಮುಂದಿನ ಅಶ್ವತ್ಥಕಟ್ಟೆಗೆ, ಆಂಜನೇಯನ ಗುಡಿಗೆ ಬಂದು ನಿಂತರೆ, ಕಾಗದದಲ್ಲಿ ಕೇರಿಗೂ ರಸ್ತೆ ಬಂತು. ನಿಯಮ ಬರೆದವರಲ್ಲಿ ದುರುದ್ದೇಶ ಇತ್ತು ಅಂತ ನಾನು ಹೇಳ್ತಿಲ್ಲ. ಊರು ಒಂದೇ ಅಂತ ನಂಬಿದವರು ಬರೆದ ನಿಯಮ ಅದು. ಊರು ಒಂದಲ್ಲ, ಎರಡು ಅಂತ ಗೊತ್ತಿದ್ದವರು ಆ ಮೇಜಿನ ಹತ್ತಿರ ಇದ್ದಿದ್ದರೆ ಅಳತೆ ಬೇರೆ ಇರುತ್ತಿತ್ತು. ಆ ಉಳಿದ ಮುನ್ನೂರು ಮೀಟರಿನಲ್ಲಿ ಬಾಣಂತಿಯನ್ನು ಹೊತ್ತುಕೊಂಡು ಆಂಬುಲೆನ್ಸಿನ ತನಕ ನಡೆದವರಿಗೆ ಅದರ ಉದ್ದ ಗೊತ್ತು.

ಆ ಮುನ್ನೂರು ಮೀಟರಿಗೆ ಬೇರೆ ಹಣ ಇರಲಿಲ್ಲವೇ? ಇತ್ತು. 1979-80ರಿಂದ ಪರಿಶಿಷ್ಟ ಜಾತಿಗಳಿಗೆ ವಿಶೇಷ ಘಟಕ ಯೋಜನೆ ಅಂತ ಬಂತು. ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಎತ್ತಿಡಬೇಕು ಅನ್ನೋದು ಅದರ ತಿರುಳು. ಅದು ಕಾಗದದಲ್ಲೇ ಉಳಿದಾಗ ದಲಿತ ಸಂಘಟನೆಗಳು ಬೀದಿಗಿಳಿದು ಕಾಯ್ದೆ ಬೇಕು ಅಂದವು. 2013ರಲ್ಲಿ ಕರ್ನಾಟಕದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಆಯ್ತು. ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95, ಒಟ್ಟು ಶೇ. 24.1ರ ಪಾಲು. ಆದರೆ ಅದೇ ಕಾಯ್ದೆಯಲ್ಲಿ 7(ಡಿ) ಅಂತ ಒಂದು ಕಲಮು ಸೇರಿಕೊಂಡಿತ್ತು. ಎಲ್ಲರಿಗೂ ಸೇರಿದ ದೊಡ್ಡ ಕಾಮಗಾರಿಗಳಲ್ಲಿ ಒಂದು ಭಾಗವನ್ನು ದಲಿತರಿಗೇ ಖರ್ಚು ಮಾಡಿದ ಹಾಗೆ ಭಾವಿಸಬಹುದು ಅನ್ನೋದು ಅದರ ಸಾರಾಂಶ. ದೊಡ್ಡ ರಸ್ತೆ ಮಾಡಿ, ಇದರ ಮೇಲೆ ದಲಿತರೂ ಓಡಾಡ್ತಾರಲ್ಲ, ಅವರ ಪಾಲಿನಲ್ಲಿ ಇಷ್ಟು ಕಳೀರಿ ಅನ್ನೋಕೆ ದಾರಿ ಆಯ್ತು.

ಇತಿಹಾಸದ ಕುಚೋದ್ಯ ನೋಡಿ. ವೈಕಂನಲ್ಲಿ, ನೀನು ದಲಿತ, ಈ ರಸ್ತೇಲಿ ನಡೀಬೇಡ ಅಂದರು. ನೂರು ವರ್ಷ ಕಳೆಯೋ ಹೊತ್ತಿಗೆ, ನೀನು ಈ ರಸ್ತೇಲಿ ನಡೀತೀಯ, ಆದ್ದರಿಂದ ನಿನ್ನ ಹಾಸ್ಟೆಲಿನ ಹಣ, ನಿನ್ನ ಕೇರಿಯ ಹಣ ಇಲ್ಲಿಗೆ ಹಾಕ್ತೀವಿ ಅಂದರು. ಹತ್ತು ವರ್ಷದ ಕೂಗಾಟದ ಮೇಲೆ 2023ರಲ್ಲಿ 7(ಡಿ) ಕಲಮನ್ನು ತೆಗೆದುಹಾಕಿದರು. ಕಲಮು ಹೋದರೂ ಅಭ್ಯಾಸ ಹೋಗ್ತದೋ ಇಲ್ಲವೋ ಅನ್ನೋದನ್ನು ಕಾಯೋ ಕೆಲಸ ನಮ್ಮ ಮೇಲಿದೆ.

ಕಂಟ್ರಾಕ್ಟಿನ ಮಾತೂ ಇಲ್ಲೇ ಬರಬೇಕು. ಜಲ್ಲಿ ಒಡೆಯೋದರಲ್ಲಿ ನಮಗೆ ಯಾವಾಗಲೂ ನೂರಕ್ಕೆ ನೂರು ಮೀಸಲಾತಿ ಇತ್ತು, ಟೆಂಡರ್ ಹಿಡಿಯೋದರಲ್ಲಿ ಇರಲಿಲ್ಲ. 2017ರಿಂದ 50 ಲಕ್ಷದವರೆಗಿನ ಸರ್ಕಾರಿ ಕಾಮಗಾರಿಗಳಲ್ಲಿ ಅದೇ ಶೇ. 24.1 ಮೀಸಲು ಬಂತು, 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಒಳ್ಳೇದೇ. ಆದರೆ 2021ರಲ್ಲಿ ರಾಜ್ಯದ ಕಂಟ್ರಾಕ್ಟರುಗಳ ಸಂಘವೇ ಪ್ರಧಾನಿಗೆ ಕಾಗದ ಬರೆದು, ಕಮಿಷನ್ನು ಶೇ. 40ರ ತನಕ ಹೋಗಿದೆ ಅಂತ ಆರೋಪ ಮಾಡಿದ್ದನ್ನು ಮರೀಬಾರದು. ಎಸ್ಟಿಮೇಟಿನಲ್ಲಿ ಆರಿಂಚು ಇದ್ದ ರಸ್ತೆ ಕೇರಿಗೆ ಬರೋ ಹೊತ್ತಿಗೆ ಯಾಕೆ ಎರಡಿಂಚು ಆಗ್ತದೆ ಅಂತ ಹುಡುಕೋಕೆ ಭೂತಗನ್ನಡಿ ಬೇಕಾಗಿಲ್ಲ.

4

ಕೊನೇ ಪ್ರಶ್ನೆ ನಮ್ಮ ಸೀಮೆಗೆ ಈಗ ಬಂದು ನಿಂತಿದೆ. ಇಷ್ಟು ದಿನ ರಸ್ತೆ ಬರಲಿಲ್ಲ ಅನ್ನೋದು ದುಃಖ. ಈಗ ರಸ್ತೆ ಬಂತು ಅನ್ನೋದೇ ಭಯ.

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಪಕ್ಕ ವಿಮಾನ ಇಳಿಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ, ಅದರ ಕಚೇರಿ ಮಾತ್ರ ಬಹಳ ವರ್ಷ ಬೆಂಗಳೂರು ಪೇಟೆಯಲ್ಲೇ ಇತ್ತು. ಆಮೇಲೆ ಜಿಲ್ಲಾಡಳಿತ ಭವನ ಎದ್ದದ್ದು ಕುಂದಾಣ ಹೋಬಳಿಯಲ್ಲೇ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ವಿಶ್ವನಾಥಪುರದ ಮೇಲೆ ಹೋಗೋ ಹಳೇ ರಸ್ತೆ ಇದ್ದ ಕಡೆ ಉಪನಗರ ವರ್ತುಲ ರಸ್ತೆ ಬಂತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆ ತನಕ ಸುಮಾರು 80 ಕಿಲೋಮೀಟರ್ ಭಾಗ ಟೋಲ್ ರಸ್ತೆಯಾಗಿ ಓಡ್ತಾ ಇದೆ. ರಾಗಿ ಹೊಲ, ದ್ರಾಕ್ಷಿ ತೋಟ, ಹಿಪ್ಪುನೇರಳೆ ಇದ್ದ ಕಡೆ ಲೇಔಟಿನ ಬೋರ್ಡುಗಳು ಎದ್ದಿವೆ.

ಈ ನೆಲದಲ್ಲಿ ದಲಿತರಿಗೆ ಜಮೀನು ಬಂದದ್ದೇ ಹೇಗೆ ಅನ್ನೋದನ್ನು ನೆನಪು ಮಾಡಿಕೊಳ್ಳಿ. ತೋಟಿ, ತಳವಾರ, ನೀರಗಂಟಿ ಅಂತ ತಲೆಮಾರುಗಟ್ಟಲೆ ಚಾಕರಿ ಮಾಡಿದ್ದಕ್ಕೆ ಬಂದ ಇನಾಮ್ತಿ ಜಮೀನು, 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆಯ ಮೇಲೆ ಮರುಮಂಜೂರಾಯ್ತು. ಸರ್ಕಾರ ದರಖಾಸ್ತಿನಲ್ಲಿ ಎರಡು ಎಕರೆ, ಮೂರು ಎಕರೆ ಕೊಟ್ಟಿತು. ಗೋಮಾಳದ ಅಂಚಿನಲ್ಲಿ ಉತ್ತು, ಬಗರ್ ಹುಕುಂ ಅರ್ಜಿ ಹಾಕಿ ಕಾದವರು ಇನ್ನೂ ಎಷ್ಟೋ ಜನ. ಆ ಜಮೀನನ್ನು ಬಲಿತವರು ಸಾಲಕ್ಕೆ, ಸಾರಾಯಿಗೆ ಬರೆಸಿಕೊಳ್ಳೋದು ಕಂಡು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾತಿ ಜಮೀನು ಪರಭಾರೆ ಆಗಿದ್ದರೆ ವಾಪಸ್ ಕೊಡಿಸೋ ಕಾಯ್ದೆ ಅದು. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಅರ್ಜಿ ಹಾಕಿದರೆ ಆಗೋದಿಲ್ಲ ಅಂದಿತು. ಓದು ಬರಹ ಇಲ್ಲದ ಅವ್ವ ಅಪ್ಪಂದಿರು ಕಳಕೊಂಡದ್ದನ್ನು ಓದಿದ ಮಕ್ಕಳು ಕೇಳೋಕೆ ಹೊರಟಾಗ, ತಡವಾಯ್ತು ಎಂಬ ಉತ್ತರ. ಅದರ ವಿರುದ್ಧ ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯ್ತು. ಈ ಎಲ್ಲಾ ಹಗ್ಗಜಗ್ಗಾಟದ ಹಿಂದೆ ರಸ್ತೆ ಇದೆ. ರಸ್ತೆ ಸರ್ವೆ ಆದ ಸುದ್ದಿ ದಲ್ಲಾಳಿಗೆ ಮೊದಲು ಗೊತ್ತಾಗ್ತದೆ, ಕೇರಿಗೆ ಕೊನೇಗೆ. ಆ ನಡುವಿನ ಹೊತ್ತಿನಲ್ಲೇ ಹೆಬ್ಬೆಟ್ಟು ಬಿದ್ದಿರ್ತದೆ. ರಸ್ತೆಗೆ ಜಮೀನು ಹೋದಾಗ ಪಹಣೀಲಿ ಹೆಸರಿದ್ದವನಿಗೆ ಪರಿಹಾರ. ಆ ಜಮೀನಿನಲ್ಲಿ ಕೂಲಿ ಮಾಡ್ತಿದ್ದವಳ ಹೆಸರು ಯಾವ ಪಹಣೀಲೂ ಇಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 1956ರ ಹೆದ್ದಾರಿ ಕಾಯ್ದೆಯ ಮೇಲೆ ದೊಡ್ಡ ರಸ್ತೆಗಳು ಬಂದಾಗ ಸೇಂಟ್ ಪಾಲ್ ನಗರದ ರಾಂಡೋ ಎಂಬ ಕಪ್ಪು ಜನರ ಬಡಾವಣೆಯನ್ನು ಸೀಳಿಕೊಂಡು ಹೆದ್ದಾರಿ ಹೋಯ್ತು. ನಕ್ಷೆಯ ಮೇಲೆ ಗೆರೆ ಎಳೆಯೋನಿಗೆ ಬಡವರ ಮನೆ ಯಾವಾಗಲೂ ಖಾಲಿ ಜಾಗದ ಹಾಗೆ ಕಾಣ್ತದೆ.

ಹೀಗೆ ತಗೊಂಡ ನೆಲದ ಮೇಲೆ ಆದ ರಸ್ತೇಲಿ ಯಾರು ಹೋಗಬಹುದು? ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ದಾರೀಲಿ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ಬರೋ ಹಾಗಿಲ್ಲ ಅಂತ ಆದೇಶ ಬಂತು. ವೇಗದ ರಸ್ತೇಲಿ ಅಪಘಾತ ಜಾಸ್ತಿ, ಜೀವ ಉಳೀಲಿ ಅನ್ನೋದು ಅದರ ಕಾರಣ, ಅದನ್ನು ತಳ್ಳಿಹಾಕೋಕೆ ಆಗೋದಿಲ್ಲ. ಇದನ್ನು ಪೇಶ್ವೆಯ ಮಡಕೆ ಪೊರಕೆಗೆ ಸಮ ಮಾಡೋದೂ ತಪ್ಪು. ಆದರೆ ಕಾರಿಲ್ಲದವನು ಪಕ್ಕದ ಸರ್ವಿಸ್ ರಸ್ತೇಲಿ ಹೋಗಲಿ ಅಂದ ಮೇಲೆ, ಆ ಸರ್ವಿಸ್ ರಸ್ತೆ ಪೂರ್ತಿ ಇದೆಯೇ, ದನ ಎಮ್ಮೆ ದಾಟೋಕೆ ಮೋರಿ ಇದೆಯೇ, ಶಾಲೆ ಮಕ್ಕಳು ದಾಟೋಕೆ ಕೆಳದಾರಿ ಇದೆಯೇ ಅಂತ ಕೇಳೋ ಹಕ್ಕು ನಮಗಿದೆ. ಅಯ್ಯನ್‌ಕಾಳಿ ಗಾಡಿ ಹೂಡಿಕೊಂಡು ಬಂದದ್ದು ರಸ್ತೆ ಎಲ್ಲರದು ಅಂತ ಹೇಳೋಕೆ.

ಗೆದ್ದ ಉದಾಹರಣೆಯೂ ಪಕ್ಕದಲ್ಲೇ ಇದೆ. ನಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವಿಮಾನ ಕೈಗಾರಿಕೆಯ ಪಾರ್ಕಿಗೆ ಅಂತ ಕೆಐಎಡಿಬಿ ತಗೊಳ್ಳೋಕೆ ಹೊರಟಿತು. 2022ರ ಏಪ್ರಿಲ್‌ನಿಂದ ರೈತರು ಧರಣಿ ಕೂತರು. ಒಂದು ಸರ್ಕಾರ ಹೋಗಿ ಇನ್ನೊಂದು ಬಂತು, ಧರಣಿ ಏಳಲಿಲ್ಲ. ದಲಿತ ಸಂಘಟನೆ, ರೈತ ಸಂಘಟನೆ, ಕಾರ್ಮಿಕ ಸಂಘಟನೆಗಳು ಒಂದೇ ಚಪ್ಪರದ ಕೆಳಗೆ ಬಂದವು. 2025ರ ಜೂನಿನಲ್ಲಿ ದೇವನಹಳ್ಳಿ ಚಲೋ ನಡೆದು ಪೊಲೀಸರು ಎಳೆದೊಯ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನ ಕೈಬಿಟ್ಟೆವು ಅಂದರು. ಮೂರು ವರ್ಷಕ್ಕೂ ಮೇಲೆ ಒಂದು ಕಡೆ ಕೂತವರು ಗೆದ್ದರು. ನಕ್ಷೆಯ ಮೇಲಿನ ಗೆರೆಯನ್ನು ಜನ ಅಳಿಸಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಾವು ರಸ್ತೆ ಬೇಕು ಅನ್ನಬೇಕೋ ಬೇಡ ಅನ್ನಬೇಕೋ? ಕೇರಿಗೆ ಬರೋ ಮುನ್ನೂರು ಮೀಟರ್ ಬೇಕೇ ಬೇಕು. ಸ್ಮಶಾನಕ್ಕೆ ಹೆಣ ಹೊತ್ತು ಹೋಗೋಕೆ ಗೌಡರ ಹೊಲದ ಬದುವಿಗೆ ಕೈಮುಗಿಯದ ಹಾಗೆ ಒಂದು ದಾರಿ ಬೇಕೇ ಬೇಕು. ನಮ್ಮನ್ನು ಕೇಳದೆ ನಮ್ಮ ಎರಡು ಎಕರೆಯ ಮೇಲೆ ಎಳೆಯೋ ಗೆರೆ ಬೇಡ. ರಸ್ತೆ ಮಾಡೋಕೆ ಇಂಜಿನಿಯರು ಸಾಕು. ಅದು ಎಲ್ಲಿ ಹೋಗಬೇಕು, ಎಲ್ಲಿ ಮೊದಲು ಶುರುವಾಗಬೇಕು ಅಂತ ನಿಶ್ಚಯ ಮಾಡೋಕೆ ಗ್ರಾಮಸಭೆ ಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ, ಓದೋ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿ ಮುಗಿಸ್ತೀನಿ. ಸರ್ವೆ ಇಲಾಖೆಯಿಂದ ನಿಮ್ಮ ಊರಿನ ಗ್ರಾಮ ನಕ್ಷೆ ತನ್ನಿ. ಅದರಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿರ್ತಾರೆ. ಕೇರಿಗೆ ಹೋಗೋ ದಾರಿ ಅದರಲ್ಲಿದೆಯೇ ನೋಡಿ. ದಲಿತರ ಸ್ಮಶಾನಕ್ಕೆ ಹೋಗೋ ದಾರಿ ಇದೆಯೇ ನೋಡಿ. ಟಾರು ನಿಂತ ಜಾಗದಿಂದ ಕೇರಿಯ ಮೊದಲ ಮನೆಗೆ ಎಷ್ಟು ಹೆಜ್ಜೆ ಅಂತ ಮಕ್ಕಳ ಕೈಲಿ ಎಣಿಸಿ. ಪಂಚಾಯ್ತಿಯಿಂದ ಐದು ವರ್ಷದ ಕ್ರಿಯಾ ಯೋಜನೆಯನ್ನು 2005ರ ಮಾಹಿತಿ ಹಕ್ಕಿನಲ್ಲಿ ತೆಗೆಸಿ, ಕೇರಿಯ ಹೆಸರಿನಲ್ಲಿ ಎಷ್ಟು ಬಿಲ್ಲಾಗಿದೆ ಓದಿ. ಆ ಹೆಜ್ಜೆಯ ಲೆಕ್ಕ, ಆ ಬಿಲ್ಲಿನ ಲೆಕ್ಕ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಓದೋರು ಕೇರಿಯ ಹುಡುಗಿಯಾಗಿದ್ದರೆ ಇನ್ನೂ ಒಳ್ಳೇದು.